ಸ್ವಂತ ಪ್ರಕಾಶನ, ನೌಕರಿ, ಚಿತ್ರಕಲೆ: ಬರೆಯುವ ಹೊತ್ತನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಗವಿಬೆಟ್ಟದ ನೆರೆಯವಳು, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ. ಕಳೆದ ವರ್ಷ ನನ್ನ ಮೊದಲ ಕಥಾಸಂಕಲನವನ್ನು ಯಾವ ಪ್ರಕಾಶಕರ ಬಾಗಿಲಿಗೂ ಅಲೆಯದೆ ನಾನೇ ಹೊರತಂದೆ. ಮುದ್ರಣ ಕಾಶಿ ಎಂದೇ ಹೆಸರಾದ ಗದಗ ನಮಗೆ ರೈಲಿನಲ್ಲಿ ಹತ್ತಿರವಾದ್ದರಿಂದ ಅಲ್ಲಿಯೇ 500 ಪ್ರತಿಗಳನ್ನು ಅಚ್ಚು ಹಾಕಿಸಿದೆ. ಪುಸ್ತಕ ತಕ್ಕಮಟ್ಟಿಗೆ ಖರ್ಚಾಗಿದೆ, ಉಳಿದ ಕಟ್ಟುಗಳು ಮಂಚದ ಕೆಳಗಿವೆ. ಅದರ ಬಗ್ಗೆ ನನಗೆ ದೂರಿಲ್ಲ.

ತೊಂದರೆ ಬಂದಿರುವುದು ಎರಡನೆಯ ಪುಸ್ತಕದಲ್ಲಿ. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರೊಂದನ್ನು ಬಿಟ್ಟುಬಂದ ಕುಟುಂಬದ ಕಥೆಯನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಸಂಕಲನ ಬರೆಯುವಾಗ ಬೆಳಗಿನ ಐದರಿಂದ ಏಳರವರೆಗಿನ ಹೊತ್ತು ಪೂರ್ತಿಯಾಗಿ ನನ್ನದಾಗಿತ್ತು. ಈಗ ಅದೇ ಹೊತ್ತಿನಲ್ಲಿ ಮೊಬೈಲ್ ತೆರೆದರೆ ‘ಮೇಡಂ, ಪುಸ್ತಕ ಇನ್ನೂ ಬಂದಿಲ್ಲ’, ‘ಫೋನ್‌ಪೇ ಮಾಡಿದ್ದೇನೆ, ನೋಡಿ’, ‘ಐದು ಪ್ರತಿ ತೆಗೆದುಕೊಂಡರೆ ಎಷ್ಟಕ್ಕೆ ಕೊಡುತ್ತೀರಿ’ ಎಂಬ ಸಂದೇಶಗಳು ಸಾಲುಗಟ್ಟಿ ಕಾದಿರುತ್ತವೆ. ಅವಕ್ಕೆ ಉತ್ತರ ಕೊಟ್ಟು, ವಿಳಾಸ ಬರೆದುಕೊಂಡು, ಲಕೋಟೆಗೆ ಅಂಟು ಹಚ್ಚಿ ಮುಗಿಸುವಷ್ಟರಲ್ಲಿ ಒಲೆ ಹಚ್ಚುವ ಹೊತ್ತಾಗುತ್ತದೆ. ಕಾದಂಬರಿಯ ಆರನೆಯ ಅಧ್ಯಾಯ ಮಳೆಗಾಲದಿಂದ ಅಲ್ಲಿಯೇ ನಿಂತಿದೆ.

ಇದರ ಜೊತೆಗೆ ಒಂದು ಹವ್ಯಾಸವೂ ಇದೆ. ಭಾನುವಾರಗಳಂದು ಕಿನ್ನಾಳಕ್ಕೆ ಹೋಗಿ ಅಲ್ಲಿನ ಹಿರಿಯ ಚಿತ್ರಗಾರರೊಬ್ಬರ ಬಳಿ ಮರದ ಬೊಂಬೆ ಮಾಡಿ ಬಣ್ಣ ಹಚ್ಚುವ ಅವರ ಕಸುಬನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತಿದ್ದೇನೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಪುಡಿಯನ್ನೂ ಮರದ ಹೊಟ್ಟನ್ನೂ ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಮಾಡಿದ ಕಿಟ್ಟದಿಂದ ಸಂದುಗಳನ್ನು ತುಂಬಿ, ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲಷ್ಟೇ ಬಣ್ಣದ ಸರದಿ ಬರುತ್ತದೆ. ಒಂದೊಂದು ಪದರವೂ ಪೂರ್ತಿ ಒಣಗಬೇಕು. ಮನೆಯವರು ‘ಕಾದಂಬರಿ ಮುಗಿಯುವ ತನಕವಾದರೂ ಬೊಂಬೆಗಳನ್ನು ಬಿಡು’ ಎನ್ನುತ್ತಾರೆ. ಕಾಲೇಜಿನ ಗೆಳತಿ ಮಾತ್ರ ‘ಅದನ್ನೇ ಮುಖಪುಟಕ್ಕೆ ಹಾಕು, ಕಲಾವಿದರಿಗೆ ಕೊಡುವ ಹಣವೂ ಉಳಿಯುತ್ತದೆ’ ಎನ್ನುತ್ತಾಳೆ.

ಸ್ವಂತವಾಗಿ ಪುಸ್ತಕ ತರುವ ಹಿರಿಯರು ಈ ಮೂರನ್ನೂ ಹೇಗೆ ನಿಭಾಯಿಸುತ್ತೀರಿ? ಹಣ ಉಳಿಸಲು ಪುಟವಿನ್ಯಾಸವನ್ನೂ ನಾನೇ ಕಲಿತು ಮಾಡುವುದು ಲೇಸೇ, ಅಥವಾ ಅದು ಇನ್ನೊಂದು ಹೊರೆಯಾದೀತೇ? ಚಿತ್ರಕಲೆಯನ್ನು ಬಿಡಬೇಕೇ, ಪುಸ್ತಕದೊಳಕ್ಕೆ ತರಬೇಕೇ?

ಉತ್ತರ: ಕೋಟೆಕೆಳಗಿನ ಅಕ್ಷರ, ಬಳ್ಳಾರಿ

ಮೇಡಂ, ನಾನು ಬಳ್ಳಾರಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ) ಕೆಲಸ ಮಾಡುತ್ತಾ, ನನ್ನ ಮತ್ತು ಕೆಲವು ಗೆಳೆಯರ ಪುಸ್ತಕಗಳನ್ನು ಸ್ವಂತ ಪ್ರಕಾಶನದಿಂದ ಹೊರತರುತ್ತಾ ಬಂದವನು. ನಿಮ್ಮ ಪತ್ರದಲ್ಲಿ ಬರವಣಿಗೆಯ ಹೊತ್ತನ್ನು ತಿನ್ನುತ್ತಿರುವುದು ಚಿತ್ರಕಲೆ ಎಂದು ನನಗೆ ಎಲ್ಲಿಯೂ ಕಾಣಲಿಲ್ಲ. ಅದು ಭಾನುವಾರದ್ದು, ಬೆಳಗಿನ ಐದು ಗಂಟೆಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಬೆಳಗನ್ನು ಕಸಿದುಕೊಂಡಿರುವುದು ನಿಮ್ಮೊಳಗಿನ ಪ್ರಕಾಶಕಿ. ಆಕೆಗೆ ಬೇರೆ ಹೊತ್ತು, ಬೇರೆ ನೋಟ್‌ಬುಕ್ಕು, ಸಾಧ್ಯವಾದರೆ ಬೇರೆ ಮೊಬೈಲ್ ಸಂಖ್ಯೆಯನ್ನೇ ಕೊಟ್ಟುಬಿಡಿ. ಬೆಳಿಗ್ಗೆ ಎದ್ದವರು ಲೇಖಕಿಯಾಗಿ ಎದ್ದಿರಬೇಕು, ಪ್ರಕಾಶಕಿ ಕಾಲೇಜು ಮುಗಿದ ಮೇಲೆ ಬಂದರೆ ಸಾಕು.

ಪ್ರಕಾಶಕಿಯ ಕೆಲಸಗಳಲ್ಲಿ ಹೆಚ್ಚಿನವು ಮುಂಚಿತವಾಗಿ ಮಾಡಿಟ್ಟರೆ ತಲೆಬಿಸಿ ಕೊಡದಂಥವು. ಪುಸ್ತಕದ ಗುರುತಿಗೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಆನ್‌ಲೈನ್‌ನಲ್ಲಿಯೇ ಅರ್ಜಿ ಹಾಕಬಹುದಾದ್ದರಿಂದ ಇದಕ್ಕಾಗಿ ಮಧ್ಯವರ್ತಿಗಳಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಕಾದಂಬರಿಯ ಕೊನೆಯ ಕರಡು ತಿದ್ದುವ ಹಂತಕ್ಕೆ ಬಂದಾಗಲೇ ಅರ್ಜಿ ಹಾಕಿಬಿಡಿ, ಇ-ಪುಸ್ತಕವನ್ನೂ ತರುವುದಾದರೆ ಅದಕ್ಕೆ ಪ್ರತ್ಯೇಕ ಸಂಖ್ಯೆ ಬೇಕು ಎಂಬುದನ್ನು ಮರೆಯಬೇಡಿ. ಪುಸ್ತಕ ಹೊರಬಂದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಲ್ಲಿಯೇ ಕಳುಹಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಸ್ವಂತ ಪ್ರಕಾಶನದವರಲ್ಲಿ ಬಹಳ ಮಂದಿ ಇದನ್ನು ಮಾಡುವುದಿಲ್ಲ, ಆದರೆ ನೂರು ವರ್ಷದ ಬಳಿಕ ನಿಮ್ಮ ಪುಸ್ತಕವನ್ನು ಹುಡುಕುವವರಿಗೆ ಅದು ಸಿಗುವ ಜಾಗ ಅದೇ ಇದ್ದೀತು. ಇತಿಹಾಸದ ಉಪನ್ಯಾಸಕಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪುಟವಿನ್ಯಾಸ. ನನ್ನ ಹೊಟ್ಟೆಪಾಡೇ ಅದಾದ್ದರಿಂದ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿಕೊಳ್ಳಿ: ಅದನ್ನು ನೀವು ಮಾಡಬೇಡಿ, ಆದರೆ ಅದರಲ್ಲಿ ತಪ್ಪುಗಳು ಎಲ್ಲಿ ನುಸುಳುತ್ತವೆ ಎಂಬುದನ್ನು ಮಾತ್ರ ಚೆನ್ನಾಗಿ ಕಲಿಯಿರಿ. ನೀವು ಟೈಪು ಮಾಡುವುದು ಯೂನಿಕೋಡ್‌ನಲ್ಲಿ. ಹಲವು ಮುದ್ರಣಾಲಯಗಳಲ್ಲಿ ಇಂದಿಗೂ ‘ನುಡಿ’ ಅಥವಾ ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿಯೇ ಪುಟ ಕಟ್ಟುತ್ತಾರೆ. ಪರಿವರ್ತಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ವಟ್ರಸುಳಿ (‘ಕೃ’ದಲ್ಲಿರುವ ಸುಳಿ) ಕಳೆದುಹೋಗುತ್ತದೆ, ‘ಪಾರ್ಕ್‌ನಲ್ಲಿ’ ಎಂದು ಬಿಡಿಸಿ ಬರೆದದ್ದು ‘ಪಾರ್ಕ್ನಲ್ಲಿ’ ಎಂದು ಒತ್ತಕ್ಷರವಾಗಿ ಕೂಡಿಕೊಂಡುಬಿಡುತ್ತದೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಯೂನಿಕೋಡನ್ನೇ ಬಳಸುವವರಿದ್ದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆಯಾಗಿದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಪಕ್ಕದಲ್ಲಿಯೇ ನಿಲ್ಲುತ್ತವೆ. ಆದ್ದರಿಂದ ಕೊನೆಯ ಕರಡನ್ನು ನಿಮ್ಮ ವರ್ಡ್ ಕಡತದಲ್ಲಿ ಓದಿ ನೆಮ್ಮದಿಪಡಬೇಡಿ, ಅಚ್ಚಿಗೆ ಹೋಗುವ ಪಿಡಿಎಫ್ ಅನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಓದಿ.

ಪುಟಗಳ ಸಂಖ್ಯೆಯ ಮೇಲೂ ಕಣ್ಣಿರಲಿ. ಡೆಮಿ 1/8 (ಕಾದಂಬರಿಗಳ ಸಾಮಾನ್ಯ ಅಳತೆ) ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಮಡಚಿ ಪುಟಗಳಾಗುವ ಒಂದು ದೊಡ್ಡ ಹಾಳೆ. ಪುಸ್ತಕ 160 ಪುಟಕ್ಕೆ ನಿಂತರೆ ಸರಿಯಾಗಿ ಹತ್ತು ಫಾರಂ, 164ಕ್ಕೆ ಹೋಯಿತೆಂದರೆ ಆ ನಾಲ್ಕು ಪುಟಗಳಿಗಾಗಿ ಬೇರೆ ಖರ್ಚು. ಒಂದು ಬಿಳಿಯ ಹಾಳೆ ತೆಗೆದು, ಅಧ್ಯಾಯದ ಕೊನೆಯಲ್ಲಿ ಒಂಟಿಯಾಗಿ ಉಳಿದ ಎರಡು ಸಾಲುಗಳನ್ನು ಹಿಂದಿನ ಪುಟಕ್ಕೆ ಎಳೆದುಕೊಂಡರೆ ಇದು ಸರಿಹೋಗುತ್ತದೆ. ಮಾರಾಟದ ಲೆಕ್ಕ ಇನ್ನೂ ಬಿಗಿ. ಬೆಲೆ 200 ರೂಪಾಯಿ ಎಂದಿಟ್ಟು ಅಂಗಡಿಯವರಿಗೆ ಶೇಕಡ 40 ಬಿಟ್ಟುಕೊಟ್ಟರೆ ಕೈಗೆ ಬರುವುದು 120. ಒಂದು ಪ್ರತಿಯ ಅಚ್ಚಿನ ಖರ್ಚೇ 80 ಆಗಿದ್ದರೆ ಉಳಿಯುವ 40ರಲ್ಲಿ ಮುಖಪುಟ, ಕರಡು ತಿದ್ದಿದವರ ಸಂಭಾವನೆ, ಅಂಗಡಿಗೆ ಕಳುಹಿಸಿದ ಪಾರ್ಸೆಲ್ ಎಲ್ಲವೂ ಸೇರಬೇಕು. ಓದುಗರಿಗೆ ನೇರವಾಗಿ ಮಾರುವುದು ಲಾಭವೆಂದು ತೋರುವುದು ಇದರಿಂದಲೇ, ಆದರೆ ಹಾಗೆ ಮಾರುವಾಗ ನಿಮ್ಮ ಬೆಳಗಿನ ಹೊತ್ತಿಗೆ ಬೆಲೆ ಕಟ್ಟದೇ ಇರುವುದರಿಂದ ಆ ಲಾಭ ದೊಡ್ಡದಾಗಿ ಕಾಣುತ್ತದೆ.

ನಮ್ಮ ಬಳ್ಳಾರಿಯಲ್ಲಿ 1926ರಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತರಬೇಕೆಂದು ಸ್ವಂತ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದವರು. ನಮ್ಮಂಥವರು ಮನೆ ಮಾರುವುದು ಬೇಡ, ಪ್ರಕಾಶನಕ್ಕೆಂದು ಒಂದು ಕಪಾಟನ್ನೂ ವಾರದಲ್ಲಿ ಒಂದು ಸಂಜೆಯನ್ನೂ ಬಿಟ್ಟುಕೊಟ್ಟರೆ ಆಯಿತು.

ಉತ್ತರ: ಏಕ್ ಮಿನಾರ್ ಎದುರಿನ ಓದುಗ, ರಾಯಚೂರು

ಬಳ್ಳಾರಿಯವರ ಮಾತಿಗೆ ಬಹುಪಾಲು ನನ್ನ ಒಪ್ಪಿಗೆಯಿದೆ. ಆದರೆ ಬೆಳಗಿನ ಐದು ಗಂಟೆಯನ್ನು ಅಷ್ಟೊಂದು ಪವಿತ್ರವೆಂದು ಭಾವಿಸುವುದು ಏಕೆಂದು ನನಗೆ ತಿಳಿಯುವುದಿಲ್ಲ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ತಣ್ಣಗಾಗುವುದೇ ಬೆಳಗಿನ ಜಾವಕ್ಕೆ, ಆ ಹೊತ್ತಿನ ನಿದ್ದೆಯನ್ನು ಯಾವ ಕವಿತೆಗೂ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ನೌಕರಿಗಾಗಿ ರಾಯಚೂರಿನಿಂದ ಯಾದಗಿರಿಗೆ ರೈಲಿನಲ್ಲಿ ಓಡಾಡುವವನು ನಾನು. ನನ್ನ ಎರಡು ಕವನ ಸಂಕಲನಗಳೂ ಆ ಪ್ರಯಾಣದಲ್ಲಿಯೇ ಬರೆದವು. ಹೋಗುವಾಗ ಬರೆಯುತ್ತೇನೆ, ಬರುವಾಗ ಹಿಂದಿನ ದಿನದ್ದನ್ನು ತಿದ್ದುತ್ತೇನೆ, ಕಿಟಕಿ ಪಕ್ಕದ ಜಾಗ ಸಿಗದ ದಿನ ಎರಡೂ ಇಲ್ಲ. ಉಪನ್ಯಾಸಕರಿಗೆ ಪಾಠಗಳ ನಡುವೆ ಬಿಡುವಿನ ಅವಧಿಗಳಿರುತ್ತವೆ. ಕಾದಂಬರಿಯ ಒಂದು ಪುಟವನ್ನು ಅಲ್ಲಿ ಬರೆಯಲು ಸಾಧ್ಯವೇ ಎಂದು ನೋಡಿ.

ಮಾರಾಟದ ವಿಷಯದಲ್ಲಿ ನಾನು ಒಂದೇ ಕಟ್ಟುಪಾಡು ಇಟ್ಟುಕೊಂಡಿದ್ದೇನೆ: ವಾರವೆಲ್ಲ ಬಂದ ಬೇಡಿಕೆಗಳನ್ನು ಶನಿವಾರ ಮಾತ್ರ ಅಂಚೆಗೆ ಹಾಕುವುದು. ‘ಪ್ರತಿ ಶನಿವಾರ ರವಾನೆಯಾಗುತ್ತದೆ’ ಎಂಬ ಒಂದು ಸಾಲು ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿಯೇ ಹೋಗುವಂತೆ ಮಾಡಿಟ್ಟ ಮೇಲೆ, ಪುಸ್ತಕ ಏಕೆ ಬರಲಿಲ್ಲ ಎಂದು ಕೇಳುವವರು ಬಹುತೇಕ ನಿಂತೇಹೋದರು. ಕವಿತೆಯ ಪುಸ್ತಕಕ್ಕೆ ಇವತ್ತೇ ಬೇಕೆನ್ನುವ ಅವಸರ ಯಾರಿಗೂ ಇರುವುದಿಲ್ಲ.

ಹವ್ಯಾಸದ ಬಗ್ಗೆ ನಿಮ್ಮ ಗೆಳತಿ ಹೇಳಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನನಗೆ ಶಾಸನಗಳ ಫೋಟೋ ತೆಗೆಯುವ ಹುಚ್ಚಿದೆ. ನಮ್ಮ ಕೋಟೆಯ ಗೋಡೆಯಲ್ಲಿರುವ 1294ರ ದೊಡ್ಡ ಶಿಲೆಯ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ ಕಲ್ಲು ಬೋಳಾಗಿ ಕಾಣುತ್ತದೆ, ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಅಕ್ಷರಗಳೂ, ಆ ಬಂಡೆಯನ್ನೇ ಕೋಣಗಳ ಬಂಡಿಯಲ್ಲಿ ಎಳೆದುತರುವ ಗೀಚುಚಿತ್ರವೂ ಎದ್ದುಬರುತ್ತವೆ. ಅಶೋಕನ ಹೆಸರನ್ನೇ ಹೇಳುವ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನೂ ನೋಡಲು ಆಗಾಗ ಹೋಗುತ್ತಿರುತ್ತೇನೆ. ಈ ಫೋಟೋಗಳಲ್ಲಿ ಒಂದನ್ನೂ ನನ್ನ ಪುಸ್ತಕದಲ್ಲಿ ಬಳಸಿಲ್ಲ, ಬಳಸುವುದೂ ಇಲ್ಲ. ನಾವು ಮಾಡುವ ಕೆಲಸಗಳಲ್ಲಿ ಒಂದಾದರೂ ಲೆಕ್ಕದ ಪುಸ್ತಕಕ್ಕೆ ಸೇರದೆ ಇರಲಿ ಎಂಬುದು ನನ್ನ ಹಟ. ಮುಖಪುಟಕ್ಕೆ ಬೇಕೆಂದು ಬೊಂಬೆಗೆ ಬಣ್ಣ ಹಚ್ಚಲು ಕುಳಿತ ದಿನದಿಂದ ಅದಕ್ಕೂ ಕೊನೆಯ ದಿನಾಂಕ ಅಂಟಿಕೊಳ್ಳುತ್ತದೆ. ಅಂದಹಾಗೆ ಗವಿಮಠದ ಬೆಟ್ಟದಲ್ಲಿ ನಿಮ್ಮ ಊರಿಗೂ ಒಂದು ಅಶೋಕನ ಶಾಸನವಿದೆ, ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಅಷ್ಟು ಹತ್ತಿರವಿರುವ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಉತ್ತರ: ಬಣ್ಣದ ಬಟ್ಟಲು, ಗಂಗಾವತಿ

ತಂಗಿ, ನಾನು ಪುಸ್ತಕಗಳಿಗೆ ಮುಖಪುಟ ಬರೆಯುವವಳು, ಶಾಲೆಗಳಲ್ಲಿ ಚಿತ್ರಕಲೆ ಹೇಳಿಕೊಟ್ಟು ಬದುಕು ನಡೆಸಿದವಳು. ರಾಯಚೂರಿನ ಸರ್ ಹೇಳಿದಷ್ಟು ಕಟ್ಟುನಿಟ್ಟು ಬೇಕಿಲ್ಲ ಎಂದು ನನ್ನ ಅನಿಸಿಕೆ. ನೀವು ಈಗಾಗಲೇ ನಿಮ್ಮ ಸಂತೋಷಕ್ಕೆ ಮಾಡಿಟ್ಟ ಒಂದು ಚಿತ್ರ ಕಾದಂಬರಿಗೆ ತಾನಾಗಿ ಒದಗುವುದಾದರೆ ಹಾಕಿ. ಹೊಸದಾಗಿ ಅದಕ್ಕೆಂದೇ ಮಾಡಲು ಹೋಗಬೇಡಿ. ಮುಖಪುಟಕ್ಕೆ ಬೇರೆ ಲೆಕ್ಕಾಚಾರವಿದೆ: ಶೀರ್ಷಿಕೆಗೆ ಜಾಗ ಬಿಡಬೇಕು, ಬೆನ್ನಿನ ಅಗಲ ತಿಳಿದಿರಬೇಕು, ಫೋನಿನ ಪರದೆಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ಕಂಡಾಗಲೂ ಗುರುತು ಹತ್ತಬೇಕು. ಕಿನ್ನಾಳದ ಬೊಂಬೆಯನ್ನು ಸುತ್ತಲೂ ತಿರುಗಿಸಿ ನೋಡಬೇಕೆಂದು ಮಾಡಿರುತ್ತಾರೆ. ಅದರ ಸೊಗಸೆಲ್ಲ ಮುಖಪುಟದ ಒಂದೇ ಮಗ್ಗುಲಿಗೆ ಬರುವುದಿಲ್ಲ.

ಹಾಕುವುದೇ ಆದರೆ ಬಣ್ಣದ ವಿಷಯದಲ್ಲಿ ಎಚ್ಚರವಿರಲಿ. ಕಿನ್ನಾಳದ ಕೆಂಪು, ಹಸಿರು, ಹಳದಿಗಳು ಕಣ್ಣಿಗೆ ಹೊಡೆಯುವಂತಿರುತ್ತವೆ, ಒಡವೆಗಳ ಭಾಗ ಲೋಹದಂತೆ ಹೊಳೆಯುತ್ತದೆ. ಆಫ್‌ಸೆಟ್ ಮುದ್ರಣದ ನಾಲ್ಕು ಬಣ್ಣಗಳಲ್ಲಿ ಆ ಹೊಳಪು ಬರುವುದೇ ಇಲ್ಲ, ಚಿನ್ನದ ಬಣ್ಣ ಸಾಸಿವೆಯ ಬಣ್ಣವಾಗುತ್ತದೆ, ಫೋನಿನಲ್ಲಿ ಕಂಡ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಫೋಟೋವನ್ನು ಫ್ಲ್ಯಾಶ್ ಹಾಕಿ ತೆಗೆಯಬೇಡಿ, ಮೆರುಗಿನ ಮೇಲೆ ಬಿಳಿಯ ಚುಕ್ಕೆ ಕುಳಿತುಬಿಡುತ್ತದೆ. ಪಡಸಾಲೆಯಲ್ಲಿ ನೇರ ಬಿಸಿಲು ಬೀಳದ ಕಡೆ ಇಟ್ಟು, ಹಿಂದೆ ಒಂದು ಬಣ್ಣದ ಬಟ್ಟೆ ಹಾಸಿ, ಅಚ್ಚಿನ ಅಳತೆಗೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಬರುವಂತೆ ತೆಗೆಯಿರಿ. 500 ಪ್ರತಿ ಒಮ್ಮೆಲೇ ಅಚ್ಚಾಗುವ ಮೊದಲು ಮುಖಪುಟದ ಒಂದು ಡಿಜಿಟಲ್ ಪ್ರತಿ ತೆಗೆಸಿ ಬಣ್ಣವನ್ನು ಕಣ್ಣಾರೆ ನೋಡಿ.

ಇನ್ನೊಂದು ಮಾತನ್ನು ಖಡಕ್ಕಾಗಿಯೇ ಹೇಳುತ್ತೇನೆ, ಬೇಸರಪಡಬೇಡಿ. ನಿಮ್ಮ ಗೆಳತಿ ‘ಕಲಾವಿದರಿಗೆ ಕೊಡುವ ಹಣ ಉಳಿಯುತ್ತದೆ’ ಎಂದರಲ್ಲ, ಅಲ್ಲಿ ನನಗೆ ಸ್ವಲ್ಪ ಚುಚ್ಚಿತು. ಬೊಂಬೆಯ ರೂಪ, ಅಲಂಕಾರದ ಕ್ರಮ ನಿಮ್ಮ ಗುರುಗಳಿಂದ ಬಂದಿದ್ದರೆ, ಮುಖಪುಟದ ಮೇಲೆ ನಿಮ್ಮ ಕೈಯ ಬಣ್ಣವಿದ್ದರೂ ಅವರಿಗೆ ಸಲ್ಲಬೇಕಾದುದಿದೆ. ಅವರೇ ಮಾಡಿದ ಬೊಂಬೆಯಾದರೆ ಬರಹದಲ್ಲಿ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಒಳಪುಟದಲ್ಲಿ ಅವರ ಹೆಸರನ್ನು ಅಚ್ಚು ಹಾಕಿಸಿ. ನಮ್ಮ ಕೃತಿಸ್ವಾಮ್ಯದ ಕಾಯ್ದೆಯಲ್ಲಿಯೂ ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕು. ಕಿನ್ನಾಳದ ಬೊಂಬೆಗಳಿಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆಯಿದೆ, ಅಂದರೆ ಆ ಹೆಸರು ಆ ಊರಿನ ಕಸುಬಿಗೇ ಸಲ್ಲುವುದು. ಮುಂದೆ ಎಂದಾದರೂ ನೀವು ಮಾಡಿದ್ದನ್ನು ಮಾರುವ ಮನಸ್ಸಾದರೆ ಆ ಹೆಸರಿನಲ್ಲಿ ಮಾರುವ ಮೊದಲು ಊರಿನ ಚಿತ್ರಗಾರರನ್ನು ಕೇಳಿ.

ಹವ್ಯಾಸ ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಕಲ್ಲಿನ ಪುಡಿಯ ಲೇಪ ಒಣಗುವ ತನಕ ಹೇಗಿದ್ದರೂ ಕೈಕಟ್ಟಿ ಕೂರಬೇಕು. ಆ ಹೊತ್ತಿಗೆ ಕರಡಿನ ಹಾಳೆಗಳನ್ನು ಜೊತೆಗೆ ಒಯ್ದರೆ ಕಿನ್ನಾಳದಲ್ಲಿಯೇ ತಿದ್ದುವ ಕೆಲಸ ಸಾಗುತ್ತದೆ. ಬಣ್ಣದ ಕೈಯಲ್ಲಿ ಮುಟ್ಟಬೇಡಿ ಅಷ್ಟೆ.

ಮತ್ತೆ: ಗವಿಬೆಟ್ಟದ ನೆರೆಯವಳು, ಕೊಪ್ಪಳ

ಮೂವರಿಗೂ ಧನ್ಯವಾದಗಳು. ಪ್ರಕಾಶನಕ್ಕೆ ಬೇರೆ ಸಿಮ್ ತೆಗೆದುಕೊಳ್ಳುತ್ತೇನೆ, ರವಾನೆಯನ್ನು ಶನಿವಾರಕ್ಕೆ ಸೇರಿಸುತ್ತೇನೆ. ಬಿಡುವಿನ ಅವಧಿಯಲ್ಲಿ ಬರೆಯುವುದು ಮಾತ್ರ ನಮ್ಮ ಸಿಬ್ಬಂದಿ ಕೊಠಡಿಯ ಹರಟೆಯನ್ನು ಬಲ್ಲವರಿಗೆ ಆಗದ ಮಾತು. ಗಂಗಾವತಿಯ ಅಕ್ಕ ಹೇಳಿದ ಮೇಲೆ ಮುಖಪುಟದ ಆಸೆ ಬಿಟ್ಟಿದ್ದೇನೆ, ಕರಡಿನ ಹಾಳೆಗಳು ಈ ಭಾನುವಾರದಿಂದಲೇ ಕಿನ್ನಾಳಕ್ಕೆ ಬರುತ್ತವೆ. ಬಳ್ಳಾರಿಯ ಸರ್ ಅವರಲ್ಲಿ ಇನ್ನೊಂದು ಕೇಳಬೇಕಿತ್ತು. ಪುಸ್ತಕಗಳಿಗೆ ಅಂಚೆಯ ಅಗ್ಗದ ದರವಾಗಿದ್ದ ನೋಂದಾಯಿತ ಬುಕ್ ಪೋಸ್ಟ್ ನಿಂತ ಮೇಲೆ ಅಂಚೆಯ ಖರ್ಚು ಪುಸ್ತಕದ ಲಾಭವನ್ನೆಲ್ಲ ನುಂಗುತ್ತಿದೆ. ಗ್ರಂಥಾಲಯಗಳ ಖರೀದಿಯನ್ನು ನಂಬಿ ಹೆಚ್ಚು ಪ್ರತಿ ಹಾಕಿಸಬಹುದೇ?

ಉತ್ತರ: ಕೋಟೆಕೆಳಗಿನ ಅಕ್ಷರ, ಬಳ್ಳಾರಿ

ಗ್ರಂಥಾಲಯದ ಮಾತು ಮೊದಲು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿ ಯೋಜನೆಗೆ ಅರ್ಜಿ ಕರೆದಾಗ ತಪ್ಪದೆ ಹಾಕಿ, ಆದರೆ ಅದು ಆಯ್ಕೆಗೆ ಒಳಪಟ್ಟದ್ದು. ಆಯ್ಕೆಯಾದ ಮೇಲೆ ಮರುಮುದ್ರಣ ಮಾಡಿಸಬಹುದು, ಆ ಭರವಸೆಯ ಮೇಲೆ ಮೊದಲೇ ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗಿನ ಕಟ್ಟುಗಳನ್ನು ಹೆಚ್ಚಿಸಿಕೊಳ್ಳಬೇಡಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹ ಯೋಜನೆಯೂ ಇದೆ. ನಿಮ್ಮದು ಎರಡನೆಯದಾದ್ದರಿಂದ ಅದು ಒದಗುವುದಿಲ್ಲ, ನಿಮ್ಮ ವಿದ್ಯಾರ್ಥಿಗಳಲ್ಲಿ ಬರೆಯುವವರಿದ್ದರೆ ತಿಳಿಸಿ.

ಅಂಚೆಗೆ ಈಗ ಪುಸ್ತಕಗಳಿಗೆಂದೇ ಇರುವ ಜ್ಞಾನ ಪೋಸ್ಟ್ ಇದೆ. 2025ರ ಮೇ 1ರಂದು ಆರಂಭವಾದಾಗ 300 ಗ್ರಾಂ ವರೆಗೆ 20 ರೂಪಾಯಿ, ಹೆಚ್ಚೆಂದರೆ 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ ಎಂದು ದರ ನಿಗದಿಪಡಿಸಿದ್ದರು. ರಸ್ತೆ ಮತ್ತು ರೈಲಿನ ಮೂಲಕವೇ ಹೋಗುವುದರಿಂದ ತಲುಪುವುದು ನಿಧಾನ, ಆದರೆ ಎಲ್ಲಿದೆ ಎಂದು ಆನ್‌ಲೈನ್‌ನಲ್ಲಿ ನೋಡಬಹುದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಒಳಗೆ ಕಾಗದಪತ್ರ ಬರೆದು ಇಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಪುಟಗಳ ಲೆಕ್ಕ ಇಲ್ಲಿಯೂ ಬರುತ್ತದೆ. ಡೆಮಿ 1/8 ಆಕಾರದಲ್ಲಿ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ ಮತ್ತು 300 ಜಿಎಸ್‌ಎಂ ಮುಖಪುಟ ಹಿಡಿದರೆ 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ. 240 ಪುಟದ್ದು ಸುಮಾರು 270 ಗ್ರಾಂ, ಲಕೋಟೆ ಸೇರಿದರೆ 300ರ ಅಂಚಿಗೆ ಬಂದು ನಿಲ್ಲುತ್ತದೆ. 256 ಪುಟವಾದರೆ ಮುಂದಿನ ದರ. ಅಂಚಿನಲ್ಲಿರುವ ಪುಸ್ತಕಕ್ಕೆ ಗುಳ್ಳೆ ಹಾಳೆಯ ಬದಲು ಗಟ್ಟಿ ಕಂದು ಕಾಗದ ಸುತ್ತಿದರೆ ಒಮ್ಮೊಮ್ಮೆ ಉಳಿದುಕೊಳ್ಳುತ್ತದೆ, ಶನಿವಾರದ ಮೊದಲ ಕಟ್ಟನ್ನು ಅಂಚೆ ಕಚೇರಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ಕಾದಂಬರಿ ಎಷ್ಟು ಪುಟಕ್ಕೆ ನಿಲ್ಲುತ್ತದೆ ಎಂದು ಅಂದಾಜು ಸಿಕ್ಕಾಗ ಪದಗಳ ಸಂಖ್ಯೆಯನ್ನು ಇಲ್ಲಿಯೇ ತಿಳಿಸಿ, ಅಕ್ಷರದ ಗಾತ್ರವನ್ನೂ ಫಾರಮ್ಮುಗಳನ್ನೂ ಹೊಂದಿಸಿ ಲೆಕ್ಕ ಹಾಕಿ ಕೊಡುತ್ತೇನೆ.